ಪರಿಹಾರದ ಹಣ ಯಾರ ಹೆಸರಿಗೆ? ಸುಪೆಯ ದಂಗೆಯಿಂದ ಕೊರೋನಾ ಕಾಲದವರೆಗೆ

2020ರ ಯುಗಾದಿ ಮಾರ್ಚ್ 25ರಂದು ಬಂದಿತು. ಮರಾಠಿಗರ ಗುಡಿಪಾಡವಾ ಕೂಡ ಅಂದೇ. ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದದ್ದೂ ಅದೇ ದಿನ. ಹಬ್ಬಕ್ಕೆಂದು, ಅದರ ಬೆನ್ನಿಗೇ ಬರುವ ಜಾತ್ರೆ, ರಥೋತ್ಸವ, ಮದುವೆಗಳಿಗೆಂದು ಬೆಳೆದಿದ್ದ ಹೂವು ಕೊಳ್ಳುವವರಿಲ್ಲದೆ ಗಿಡದಲ್ಲಿಯೇ ಬಾಡಿತು. ಮಹಾರಾಷ್ಟ್ರದ ಮೊದಲ ಕೊರೋನಾ ಪ್ರಕರಣಗಳು ಮಾರ್ಚ್ 9ರಂದು ಪತ್ತೆಯಾದದ್ದು ನಾವು ವಾಸಿಸುವ ಈ ಪುಣೆಯಲ್ಲಿಯೇ. ಏಪ್ರಿಲ್ ತಿಂಗಳಲ್ಲಿ ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡ್ ಮುಚ್ಚಿದಾಗ ಹವೇಲಿ, ಪುರಂದರ ತಾಲ್ಲೂಕುಗಳ ತರಕಾರಿ ಬೆಳೆಗಾರರಿಗೆ ತಮ್ಮ ಅತಿ ದೊಡ್ಡ ಪೇಟೆಯೇ ಇಲ್ಲದಂತಾಯಿತು. ಮಾವಳದ ಪಾಲಿಹೌಸ್‌ಗಳ ಗುಲಾಬಿಗೂ, ದೊಡ್ಡಬಳ್ಳಾಪುರದ ಬಯಲಿನ ಸೇವಂತಿಗೆಗೂ ಒಂದೇ ಗತಿ ಒದಗಿತು.

ಆ ದಿನಗಳಲ್ಲಿ ಸರ್ಕಾರಗಳು ರೈತರಿಗೆ ಹಣ ಕೊಟ್ಟವು. ಎಷ್ಟು ಕೊಟ್ಟವು, ಸಾಲಿತೇ ಎಂಬ ಚರ್ಚೆ ಆಗಲೇ ಸಾಕಷ್ಟು ನಡೆಯಿತು. ನಾವು ಇಲ್ಲಿ ಕೇಳಬಯಸುವ ಪ್ರಶ್ನೆ ಬೇರೆ: ಆ ಹಣ ಯಾರ ಹೆಸರಿಗೆ ಬಂತು? ಸರ್ಕಾರ 'ರೈತ' ಎಂದು ಗುರುತಿಸಿದ್ದು ಯಾರನ್ನು, ಯಾವ ಕಾಗದವನ್ನು ನೋಡಿ? ಈ ಪ್ರಶ್ನೆಗೆ ಉತ್ತರ 2020ರಲ್ಲಿ ಹುಟ್ಟಿದ್ದಲ್ಲ. ಅದರ ಬಹುಭಾಗ ರೂಪುಗೊಂಡದ್ದು ಪುಣೆಯ ಸುತ್ತಲಿನ ನೆಲದಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ. ಆಗ ಧಾರವಾಡ, ಬೆಳಗಾವಿ, ಕಲಾದಗಿ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದವು. ಆ ಆಧಿಪತ್ಯದ ಗವರ್ನರ್ ಮಳೆಗಾಲವನ್ನು ಕಳೆಯುತ್ತಿದ್ದುದು ಪುಣೆಯ ಗಣೇಶಖಿಂಡಿಯಲ್ಲಿ, ಇಂದು ವಿಶ್ವವಿದ್ಯಾಲಯದ ಮುಖ್ಯ ಕಟ್ಟಡವಾಗಿರುವ ಬಂಗಲೆಯಲ್ಲಿ. ಮಳೆ ಬಾರದ ವರ್ಷ ಬಾಗಲಕೋಟೆಯ ರೈತನ ಹಣೆಬರಹದ ಮೇಲೆ ರುಜು ಬೀಳುತ್ತಿದ್ದುದೂ ಬಹುಮಟ್ಟಿಗೆ ಇಲ್ಲಿಂದಲೇ.

ಮೊದಲು ಜಮೀನಿನ ಕಾಗದದ ಕತೆ. ಪೇಶ್ವೆಯರ ಆಳ್ವಿಕೆ ಮುಗಿದ ಮೇಲೆ ಕಂಪನಿ ಸರ್ಕಾರ ದಖ್ಖನ್ನಿನ ಹೊಲಗಳನ್ನು ಅಳೆದು ಕಂದಾಯ ನಿಗದಿ ಮಾಡಲು ಹೊರಟಿತು. ಮೊದಲ ಪ್ರಯತ್ನ ಕೈಗೂಡಲಿಲ್ಲ. 1836ರ ಹೊತ್ತಿಗೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನಲ್ಲಿ ಹೊಸ ಪದ್ಧತಿಯೊಂದನ್ನು ರೂಢಿಗೆ ತಂದರು. ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರು, ಪ್ರತಿ ನಂಬರಿಗೂ ಮೂವತ್ತು ವರ್ಷಕ್ಕೆ ನಿಗದಿಯಾದ ಕಂದಾಯ, ಆ ಕಂದಾಯಕ್ಕೆ ಹೊಣೆಗಾರನಾದ ಒಬ್ಬ ಖಾತೆದಾರ. ಈ ಪದ್ಧತಿ ಮುಂದೆ ಧಾರವಾಡಕ್ಕೂ ಕನ್ನಡದ ಇತರ ಜಿಲ್ಲೆಗಳಿಗೂ ಹೋಯಿತು. 1903ರ ಹಕ್ಕುದಾಖಲೆ ಕಾನೂನು ಅದರ ಮೇಲೆ ಇನ್ನೊಂದು ಪದರವನ್ನು ಹೊದಿಸಿತು. ಮಹಾರಾಷ್ಟ್ರದವರು 'ಸಾತ್‌ಬಾರಾ' ಎಂದೂ ನಮ್ಮವರು 'ಪಹಣಿ' ಎಂದೂ ಕರೆಯುವ ಕಾಗದಗಳು ಒಂದೇ ಬುಡದ ಎರಡು ಕೊಂಬೆಗಳು. ಈ ದಾಖಲೆ ಹುಟ್ಟಿದ್ದು ಯಾರು ಕಂದಾಯ ಕಟ್ಟಬೇಕು ಎಂಬುದನ್ನು ತಿಳಿಯುವುದಕ್ಕಾಗಿ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಯಾರಿಗೆ ಹಣ ಕೊಡಬೇಕು ಎಂಬುದನ್ನು ಅದರಿಂದ ತಿಳಿಯುವ ರೂಢಿ ಬಹಳ ಕಾಲದ ಮೇಲೆ ಬಂದದ್ದು.

ನಿಗದಿಯಾದ ಕಂದಾಯ ನಗದಿನಲ್ಲಿ ಕಟ್ಟಬೇಕಾದ್ದರಿಂದ ರೈತ ಸಾಹುಕಾರನ ಬಾಗಿಲಿಗೆ ಹೋದ. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ, 1861ರಿಂದ 1865ರವರೆಗೆ, ಹತ್ತಿಯ ಬೆಲೆ ಏರಿ ಸಾಲ ಸಲೀಸಾಗಿ ಸಿಕ್ಕಿತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು, ಸಾಲ ಮಾತ್ರ ಉಳಿಯಿತು. ಅದೇ ಹೊತ್ತಿಗೆ ಮೂವತ್ತು ವರ್ಷದ ಅವಧಿ ಮುಗಿದು ಇಂದಾಪುರ ಮೊದಲಾದ ತಾಲ್ಲೂಕುಗಳಲ್ಲಿ ಕಂದಾಯ ಗಣನೀಯವಾಗಿ ಏರಿತು. 1875ರ ಮೇ 12, ಸಂತೆಯ ದಿನ, ಭೀಮಥಡಿ ತಾಲ್ಲೂಕಿನ ಸುಪೆ ಎಂಬ ಊರಿನಲ್ಲಿ ರೈತರು ಸಾಹುಕಾರರ ಮನೆ ಅಂಗಡಿಗಳಿಗೆ ನುಗ್ಗಿದರು. ಇಂದು ಈ ಊರು ಬಾರಾಮತಿ ತಾಲ್ಲೂಕಿನಲ್ಲಿದೆ. ಅವರು ಮುಖ್ಯವಾಗಿ ಹುಡುಕಿದ್ದು ಸಾಲಪತ್ರಗಳನ್ನು. ಸಿಕ್ಕವನ್ನು ಸುಟ್ಟರು. ಪತ್ರ ಸಿಕ್ಕ ಕಡೆ ಮೈಗೆ ಕೈ ಹಾಕಿದ್ದು ಕಡಮೆ. ದಂಗೆ ಪುಣೆ, ಅಹ್ಮದನಗರ ಜಿಲ್ಲೆಗಳ ಹಲವು ಹಳ್ಳಿಗಳಿಗೆ ಹಬ್ಬಿತು.

ಸರ್ಕಾರ ಆಯೋಗವೊಂದನ್ನು ನೇಮಿಸಿತು. ಅದರ ಫಲವಾಗಿ ಬಂದದ್ದು 1879ರ ದಖ್ಖನ್ ಕೃಷಿಕರ ಪರಿಹಾರ ಕಾನೂನು. ಪುಣೆ, ಸಾತಾರಾ, ಸೊಲ್ಲಾಪುರ, ಅಹ್ಮದನಗರ ಎಂಬ ನಾಲ್ಕು ಜಿಲ್ಲೆಗಳಿಗೆ ಅದು ಮೊದಲು ಅನ್ವಯವಾಯಿತು. ಪತ್ರದಲ್ಲಿ ಬರೆದ ಮೊತ್ತವನ್ನು ಕಣ್ಣುಮುಚ್ಚಿ ಒಪ್ಪದೆ ಸಾಲದ ಪೂರ್ವವೃತ್ತಾಂತವನ್ನು ಕೆದಕಿ ನೋಡುವ ಅಧಿಕಾರ ನ್ಯಾಯಾಲಯಕ್ಕೆ ಬಂತು. ಸಾಲಕ್ಕಾಗಿ ರೈತನನ್ನು ಸೆರೆಗೆ ಹಾಕುವುದು ನಿಂತಿತು. ಈ ಕಾನೂನಿನ ಅನುಷ್ಠಾನದ ಮೇಲ್ವಿಚಾರಣೆಯಲ್ಲಿ ಮಹಾದೇವ ಗೋವಿಂದ ರಾನಡೆಯವರು ವರ್ಷಗಟ್ಟಲೆ ದುಡಿದರು. ನಮ್ಮ ಪ್ರಶ್ನೆಗೆ ಸಂಬಂಧಿಸಿದಂತೆ ಅದರಲ್ಲಿ ಗಮನಾರ್ಹವಾದ ಒಂದು ಅಂಶವಿದೆ. ಕೃಷಿಕ ಯಾರು ಎಂಬುದನ್ನು ಆ ಕಾನೂನು ವಿವರಿಸಿದ್ದು ಜೀವನೋಪಾಯದ ಮೂಲಕ. ಬೇಸಾಯದಿಂದಲೇ ಪೂರ್ತಿಯಾಗಿಯೋ ಮುಖ್ಯವಾಗಿಯೋ ಜೀವನ ಸಾಗಿಸುವವನು ಕೃಷಿಕ. ಆ ವ್ಯಾಖ್ಯೆಯಲ್ಲಿ ತೊಡಕುಗಳಿದ್ದವು, ವಾದವಿವಾದಗಳಾದವು. ಆದರೂ 'ನಿನ್ನ ಅನ್ನ ಎಲ್ಲಿಂದ ಬರುತ್ತದೆ?' ಎಂದು ಅದು ಕೇಳುತ್ತಿತ್ತು. 'ನಿನ್ನ ಹೆಸರಿನಲ್ಲಿ ಎಷ್ಟು ಎಕರೆ?' ಎಂಬುದು ಅಲ್ಲಿ ಮೊದಲ ಪ್ರಶ್ನೆಯಾಗಿರಲಿಲ್ಲ.

ಕಾನೂನು ಬರುವ ಮುನ್ನವೇ ಮಹಾಬರ ಬಂದಿತ್ತು. 1876ರ ಮುಂಗಾರು ಕೈಕೊಟ್ಟಿತು. ಕನ್ನಡಿಗರು ಧಾತು, ಈಶ್ವರ ಸಂವತ್ಸರಗಳ ಬರವೆಂದು ಇಂದಿಗೂ ನೆನೆಯುವುದು ಇದನ್ನೇ. ಮೈಸೂರು ಸಂಸ್ಥಾನದಲ್ಲಿ ಐವತ್ತು ಲಕ್ಷ ಜನರಲ್ಲಿ ಸುಮಾರು ಹತ್ತು ಲಕ್ಷ ಜನ ಅಳಿದರು. ಮುಂಬಯಿ ಆಧಿಪತ್ಯದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕಲಾದಗಿ, ಅಂದರೆ ಮುಂದಿನ ಬಿಜಾಪುರ, ಒಂದು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಆ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಕುಗ್ಗಿತು. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂದು ಆ ಅಂಕಿ ಬೇರ್ಪಡಿಸಿ ಹೇಳುವುದಿಲ್ಲ.

ಸರ್ಕಾರದ ಪರಿಹಾರಕ್ಕೆ ಅಂದು ಮುಖ್ಯ ರೂಪ ಒಂದೇ: ಕೆರೆ, ಕಾಲುವೆ, ರಸ್ತೆ ಕಾಮಗಾರಿಗಳಲ್ಲಿ ದುಡಿದು ಕೂಲಿ ಪಡೆಯುವುದು. 1877ರ ಜನವರಿಯಲ್ಲಿ ವೈಸರಾಯ್ ಲಿಟ್ಟನ್ ಖರ್ಚು ಹಿಡಿತದಲ್ಲಿಡಲು ಸರ್ ರಿಚರ್ಡ್ ಟೆಂಪಲ್‌ನನ್ನು ಕಳುಹಿಸಿದ. ಅದೇ ತಿಂಗಳ ಮೊದಲ ದಿನ ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಸಾಮ್ರಾಜ್ಞಿಯೆಂದು ಘೋಷಿಸುವ ದರ್ಬಾರು ನಡೆದಿತ್ತು. ಟೆಂಪಲ್ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಮೇಲೊಂದು ಚಿಕ್ಕ ಮೊತ್ತಕ್ಕೆ ಇಳಿಸಿದ. ಒಂದು ಪೌಂಡೆಂದರೆ ಅರ್ಧ ಕಿಲೋಗಿಂತಲೂ ಕಡಮೆ. ದಖ್ಖನ್ನಿನ ಕಾಮಗಾರಿಗಳಲ್ಲಿ ದುಡಿಯುತ್ತಿದ್ದವರು ಸಾವಿರಗಟ್ಟಲೆಯಲ್ಲಿ ಕೆಲಸ ಬಿಟ್ಟು ಹೊರಟರು. ಹಸಿದವರು ಕೂಲಿಯ ವಿರುದ್ಧ ಹೂಡಿದ ಮುಷ್ಕರ ಅದು. ಅವರ ಪರವಾಗಿ ಲೇಖನಿ ಹಿಡಿದದ್ದು 1870ರಲ್ಲಿ ಸ್ಥಾಪನೆಯಾಗಿದ್ದ ಪುಣೆಯ ಸಾರ್ವಜನಿಕ ಸಭೆ. ಗಣೇಶ ವಾಸುದೇವ ಜೋಶಿ, ರಾನಡೆ ಮೊದಲಾದವರು ಜಿಲ್ಲೆ ಜಿಲ್ಲೆಗಳಿಂದ ವರದಿ ತರಿಸಿ ಸರ್ಕಾರದ ಮುಂದಿಟ್ಟರು. ಮದರಾಸಿನಲ್ಲಿ ಡಾಕ್ಟರ್ ಕಾರ್ನಿಶ್ ಎಂಬ ಆರೋಗ್ಯಾಧಿಕಾರಿ, ಆ ಕೂಲಿಯಲ್ಲಿ ದುಡಿಯುವ ದೇಹ ಉಳಿಯಲಾರದು ಎಂದು ವೈದ್ಯಶಾಸ್ತ್ರದ ಆಧಾರದ ಮೇಲೆ ವಾದಿಸಿದ. ಟೆಂಪಲ್ ಅದೇ ವರ್ಷ ಮುಂಬಯಿಯ ಗವರ್ನರನಾದ.

ಬರದ ನಂತರ 1880ರ ಕ್ಷಾಮ ಆಯೋಗದ ವರದಿ, ಅದನ್ನನುಸರಿಸಿ ಕ್ಷಾಮ ಸಂಹಿತೆಗಳು ಬಂದವು. 1883 ಮತ್ತು 1884ರ ಎರಡು ಕಾನೂನುಗಳು ತಗಾವಿ ಸಾಲಕ್ಕೆ, ಅಂದರೆ ಬಾವಿ ತೋಡಲು, ಬೀಜ ಎತ್ತು ಕೊಳ್ಳಲು ಸರ್ಕಾರ ನೇರವಾಗಿ ಕೊಡುವ ಸಾಲಕ್ಕೆ, ಖಚಿತ ರೂಪ ಕೊಟ್ಟವು. ಇಲ್ಲಿ ದಾರಿ ಎರಡಾಯಿತು. ಕಾಮಗಾರಿಗೆ ಬರುವವರಿಗೆ ಯಾವ ಕಾಗದವೂ ಬೇಕಿರಲಿಲ್ಲ. ಬಂದ ದೇಹವೇ ಸಾಕ್ಷಿ. ಜಮೀನಿದ್ದವನೂ ಇಲ್ಲದವನೂ, ಗಂಡಸೂ ಹೆಂಗಸೂ ಅಲ್ಲಿ ಒಂದೇ ಸಾಲಿನಲ್ಲಿ ನಿಂತರು, ಕೂಲಿಯ ದರ ಮಾತ್ರ ಬೇರೆ. ಕಂದಾಯದ ಮಾಫಿಗೆ, ತಗಾವಿ ಸಾಲಕ್ಕೆ ಮಾತ್ರ ಖಾತೆಯ ಹೆಸರು ಬೇಕಾಯಿತು. ಮುಂದಿನ ನೂರು ವರ್ಷಗಳಲ್ಲಿ ಎರಡೂ ದಾರಿಗಳು ಜೊತೆಜೊತೆಗೆ ಸಾಗಿದವು.

1896ರಲ್ಲಿ ಮಳೆ ಮತ್ತೆ ತಪ್ಪಿತು. ಅದೇ ವರ್ಷ ಮುಂಬಯಿಗೆ ಪ್ಲೇಗು ಕಾಲಿಟ್ಟಿತು, ಅಲ್ಲಿಂದ ಪುಣೆಗೆ ಬಂತು, 1898ರಲ್ಲಿ ಹುಬ್ಬಳ್ಳಿ ಧಾರವಾಡಗಳನ್ನು ಕಾಡಿತು. ಬರವೂ ಸಾಂಕ್ರಾಮಿಕವೂ ಒಟ್ಟಿಗೆ ಬಂದ ಆ ವರ್ಷಗಳು ನಮ್ಮ ವಿಷಯಕ್ಕೆ ತೀರ ಹತ್ತಿರದವು. ತಿಲಕರ ನಾಯಕತ್ವಕ್ಕೆ ಬಂದಿದ್ದ ಸಾರ್ವಜನಿಕ ಸಭೆ ಕ್ಷಾಮ ಸಂಹಿತೆಯ ಸಾರವನ್ನು ಮರಾಠಿಯಲ್ಲಿ ಅಚ್ಚು ಹಾಕಿಸಿ ಹಳ್ಳಿಹಳ್ಳಿಗೆ ಹಂಚಿತು. ಬೆಳೆ ಕೆಟ್ಟಾಗ ಕಂದಾಯದ ರಿಯಾಯಿತಿ ಕೇಳುವುದು ಭಿಕ್ಷೆಯಲ್ಲ, ಸರ್ಕಾರ ತಾನೇ ಬರೆದಿಟ್ಟ ನಿಯಮ ಎಂದು ರೈತನಿಗೆ ತಿಳಿಸಿತು. ಸರ್ಕಾರದ ಪ್ರತಿಕ್ರಿಯೆ ಸ್ಪಷ್ಟವಾಗಿತ್ತು: 1897ರಲ್ಲಿ ಸಭೆಯ ಮಾನ್ಯತೆಯನ್ನು ರದ್ದುಪಡಿಸಿತು.

ಅದೇ 1897ರ ಫೆಬ್ರುವರಿ 4ರಂದು ಸಾಂಕ್ರಾಮಿಕ ರೋಗಗಳ ಕಾನೂನು ಜಾರಿಗೆ ಬಂತು. ನಾಲ್ಕೇ ಕಲಮುಗಳ ಚಿಕ್ಕ ಕಾನೂನು. ಮನೆ ಶೋಧಿಸಲು, ಪ್ರಯಾಣಿಕರನ್ನು ತಡೆಯಲು, ಜನರನ್ನು ಬೇರ್ಪಡಿಸಿ ಇಡಲು ಬೇಕಾದ ಅಧಿಕಾರಕ್ಕೆ ಅದು ದಾರಿ ಮಾಡಿತು. ಪುಣೆಯ ಪ್ಲೇಗು ಸಮಿತಿಯ ಅಧ್ಯಕ್ಷ ರ‍್ಯಾಂಡ್ ಆ ಅಧಿಕಾರವನ್ನು ಬಳಸಿದ ಬಗೆ, ಜೂನ್ 22ರಂದು ಗಣೇಶಖಿಂಡಿ ರಸ್ತೆಯಲ್ಲಿ ಚಾಪೇಕರ ಸಹೋದರರು ಅವನ ಮೇಲೆ ಗುಂಡು ಹಾರಿಸಿದ್ದು, ಇವು ಎಲ್ಲರಿಗೂ ತಿಳಿದ ಕತೆ. ರೋಗಿಗಳ ಶುಶ್ರೂಷೆ ಮಾಡುತ್ತ ಸಾವಿತ್ರಿಬಾಯಿ ಫುಲೆ ಅದೇ ಪ್ಲೇಗಿಗೆ ಬಲಿಯಾದದ್ದು ಅದೇ ವರ್ಷದ ಮಾರ್ಚ್ 10ರಂದು. ನಾವು ಇಲ್ಲಿ ಗಮನಿಸಬೇಕಾದದ್ದು ಕಾನೂನಿನ ಪಠ್ಯವನ್ನು. ನಷ್ಟಪರಿಹಾರ ಎಂಬ ಮಾತು ಆ ಮೂಲ ಕಾನೂನಿನಲ್ಲಿ ಖರ್ಚನ್ನು ಯಾರು ಭರಿಸಬೇಕೆಂದು ಹೇಳುವಾಗ ಆವರಣದೊಳಗೆ, 'ಇದ್ದರೆ' ಎಂಬ ಷರತ್ತಿನೊಡನೆ ಸುಳಿದು ಹೋಗುತ್ತದೆ. ಸಂತೆ ನಿಲ್ಲಿಸಿದರೆ ಸರಕು ತಂದವನ ಗತಿಯೇನು ಎಂಬ ಯೋಚನೆಗೆ ಅಲ್ಲಿ ಅದಕ್ಕಿಂತ ಹೆಚ್ಚಿನ ಜಾಗವಿಲ್ಲ. ನೂರಿಪ್ಪತ್ತಮೂರು ವರ್ಷಗಳ ಬಳಿಕ, 2020ರ ಮಾರ್ಚಿಯಲ್ಲಿ, ಕರ್ನಾಟಕವೂ ಮಹಾರಾಷ್ಟ್ರವೂ ತಮ್ಮ ಮೊದಲ ಆದೇಶಗಳನ್ನು ಹೊರಡಿಸಿದ್ದು ಇದೇ ಕಾನೂನಿನ ಬಲದಿಂದ.

ಸ್ವಾತಂತ್ರ್ಯಾನಂತರ ಕಾಮಗಾರಿಯ ದಾರಿಗೆ ಹೊಸ ಘನತೆ ಬಂದದ್ದೂ ಮಹಾರಾಷ್ಟ್ರದಲ್ಲಿಯೇ. 1972ರ ಬರಗಾಲ ಪುಣೆ, ಸೊಲ್ಲಾಪುರ, ಅಹ್ಮದನಗರ ಸೀಮೆಯನ್ನು ಹಿಂಡಿತು. 1973ರ ಬೇಸಿಗೆಯಲ್ಲಿ ರಾಜ್ಯದ ಪರಿಹಾರ ಕಾಮಗಾರಿಗಳಲ್ಲಿ ಸುಮಾರು 50 ಲಕ್ಷ ಜನ ದುಡಿಯುತ್ತಿದ್ದರು. ವಿಧಾನ ಪರಿಷತ್ತಿನ ಅಧ್ಯಕ್ಷರಾಗಿದ್ದ ವಿ. ಸ. ಪಾಗೆಯವರು ರೂಪಿಸಿದ ಉದ್ಯೋಗ ಖಾತರಿ ಯೋಜನೆ ಈ ಅನುಭವದಿಂದ ಬಲಗೊಂಡು 1977ರಲ್ಲಿ ಕಾನೂನಾಯಿತು. 2005ರ ರಾಷ್ಟ್ರೀಯ ಉದ್ಯೋಗ ಖಾತರಿ ಕಾನೂನಿಗೆ ಅದು ಹಿರಿಯಕ್ಕ. ಕೂಲಿ ಕೇಳುವುದು ಇಲ್ಲಿ ಹಕ್ಕಾಯಿತು. ಟೆಂಪಲ್‌ನ ಕಾಲದಿಂದ ಇದು ಬಹು ದೂರದ ನಡಿಗೆ.

ಈಗ 2020ಕ್ಕೆ ಬರೋಣ. ಮಾರ್ಚ್ 26ರಂದು ಕೇಂದ್ರದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಪ್ರಕಟಿಸಿದ ಗರೀಬ್ ಕಲ್ಯಾಣ್ ಪ್ಯಾಕೇಜಿನಲ್ಲಿ 8.7 ಕೋಟಿ ರೈತರಿಗೆ ಏಪ್ರಿಲ್ ಮೊದಲ ವಾರದಲ್ಲಿ ತಲಾ 2,000 ರೂಪಾಯಿ ಎಂಬ ಮಾತಿತ್ತು. ಇದು ಪಿಎಂ ಕಿಸಾನ್ ಯೋಜನೆಯ ಕಂತು. ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತಿನಲ್ಲಿ ಕೊಡುವ ಆ ಯೋಜನೆ 2019ರ ಫೆಬ್ರುವರಿಯಲ್ಲಿಯೇ ಆರಂಭವಾಗಿತ್ತು. ಹೇಗೂ ಬರಬೇಕಿದ್ದ ಕಂತು ಬೇಗ ಬಂತು ಎಂಬಷ್ಟೇ ಹೊಸತು. ಅದೇ ಘೋಷಣೆಯಲ್ಲಿ ಉದ್ಯೋಗ ಖಾತರಿಯ ಕೂಲಿ ಏರಿತು. 2020–21ರಲ್ಲಿ ಅದು ಮಹಾರಾಷ್ಟ್ರದಲ್ಲಿ ದಿನಕ್ಕೆ 238, ಕರ್ನಾಟಕದಲ್ಲಿ 275 ರೂಪಾಯಿ. ಆ ಲೆಕ್ಕದಲ್ಲಿ 2,000 ರೂಪಾಯಿ ಏಳೆಂಟು ದಿನಗಳ ಕೂಲಿಗೆ ಸಮ. ಜನಧನ್ ಖಾತೆಯಿರುವ ಮಹಿಳೆಯರಿಗೆ ಮೂರು ತಿಂಗಳು ತಲಾ 500 ರೂಪಾಯಿ ಬಂತು. ಹೊಲದಲ್ಲಿ ಕೆಲಸ ಮಾಡುವ ಹೆಂಗಸು ಇಲ್ಲಿ ಕಾಣಿಸಿಕೊಂಡದ್ದು ಖಾತೆದಾರಳಾಗಿ. ರೈತಳಾಗಿ ಕಾಣಿಸಬೇಕಿದ್ದರೆ ಜಮೀನು ಅವಳ ಹೆಸರಿನಲ್ಲಿರಬೇಕಿತ್ತು.

ಕರ್ನಾಟಕ ಒಂದು ಹೆಜ್ಜೆ ಮುಂದೆ ಹೋಯಿತು. ಮೇ 6ರಂದು ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ಪ್ಯಾಕೇಜು ಪ್ರಕಟಿಸಿದರು. ರಾಜ್ಯದ 11,687 ಹೆಕ್ಟೇರು ಹೂವಿನ ಬೆಳೆಗೆ ಹೆಕ್ಟೇರಿಗೆ 25,000 ರೂಪಾಯಿ, ಗರಿಷ್ಠ ಒಂದು ಹೆಕ್ಟೇರಿಗೆ. ಕ್ಷೌರಿಕರಿಗೆ, ಅಗಸರಿಗೆ, ಆಟೋ ಟ್ಯಾಕ್ಸಿ ಚಾಲಕರಿಗೆ ತಲಾ 5,000. ಮುಂದೆ ಹಣ್ಣು ತರಕಾರಿ ಬೆಳೆದವರಿಗೆ ಹೆಕ್ಟೇರಿಗೆ 15,000, ಸುಮಾರು 10 ಲಕ್ಷ ಮೆಕ್ಕೆಜೋಳ ಬೆಳೆಗಾರರಿಗೆ ತಲಾ 5,000 ರೂಪಾಯಿಗಳೂ ಸೇರಿದವು. ಎರಡನೆಯ ಅಲೆಯಲ್ಲಿ, 2021ರ ಮೇ 19ರಂದು, ಬಂದ 1,250 ಕೋಟಿಯ ಪ್ಯಾಕೇಜಿನಲ್ಲಿ ಹೂವಿಗೂ ಹಣ್ಣು ತರಕಾರಿಗೂ ಹೆಕ್ಟೇರಿಗೆ 10,000 ರೂಪಾಯಿ.

ಈ ನಿರ್ಧಾರದ ಮಹತ್ವವನ್ನು ಅರಿಯಲು ಪರಿಹಾರದ ಹಳೆಯ ನಿಯಮಾವಳಿಯನ್ನು ನೋಡಬೇಕು. ಕ್ಷಾಮ ಸಂಹಿತೆಯಿಂದ ಇಂದಿನ ವಿಪತ್ತು ಪರಿಹಾರ ನಿಧಿಯವರೆಗೆ ಲೆಕ್ಕವೆಲ್ಲ ಬೆಳೆ ಎಷ್ಟು ಕೆಟ್ಟಿತು ಎಂಬುದರ ಮೇಲೆ ನಿಂತಿದೆ. ಹಿಂದೆ ಆಣೆವಾರಿ ಎನ್ನುತ್ತಿದ್ದರು, ಮಹಾರಾಷ್ಟ್ರದಲ್ಲಿ ಈಗ ಪೈಸೇವಾರಿ ಎನ್ನುತ್ತಾರೆ. ಹದಿನಾರಾಣೆ ಬೆಳೆಯಲ್ಲಿ ಎಷ್ಟಾಣೆ ಬಂತು ಎಂಬ ಅಂದಾಜು ಅದು. 2020ರಲ್ಲಿ ಜಾರಿಯಲ್ಲಿದ್ದ ನಿಧಿಯ ನಿಯಮದಂತೆ ಶೇಕಡಾ 33 ಅಥವಾ ಹೆಚ್ಚು ಬೆಳೆ ನಷ್ಟವಾದರೆ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 6,800, ನೀರಾವರಿಗೆ 13,500, ಬಹುವಾರ್ಷಿಕ ಬೆಳೆಗೆ 18,000 ರೂಪಾಯಿ. ಆ ವರ್ಷದ ಸೇವಂತಿಗೆಯಾದರೋ ಹದಿನಾರಾಣೆ ಬಂದಿತ್ತು. ಆಕಾಶ ಕೆಡಿಸಿದ್ದಕ್ಕೆ ಕಲಮು ಇತ್ತು. ಸರ್ಕಾರವೇ ಪೇಟೆ ಮುಚ್ಚಿದ್ದಕ್ಕೆ ಇರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಅತಿವೃಷ್ಟಿಯಾದಾಗ ಮಹಾರಾಷ್ಟ್ರ ಸರ್ಕಾರ 10,000 ಕೋಟಿ ರೂಪಾಯಿಯ ನೆರವು ಪ್ರಕಟಿಸಿ, ಬೆಳೆಗೆ ಹೆಕ್ಟೇರಿಗೆ 10,000, ತೋಟಕ್ಕೆ 25,000 ಎಂದು ಎರಡು ಹೆಕ್ಟೇರಿನ ಮಿತಿಯಲ್ಲಿ ನಿಗದಿ ಮಾಡಿತು. ಮಳೆಯ ನಷ್ಟಕ್ಕೆ ನಡೆದು ಸವೆದ ಹಾದಿಯಿದೆ. ಪೇಟೆಯ ನಷ್ಟವನ್ನೂ ನಷ್ಟವೆಂದು ಎಣಿಸಿ ಹೆಕ್ಟೇರಿನ ಲೆಕ್ಕದಲ್ಲಿ ಹಣ ಕೊಟ್ಟದ್ದು ಕರ್ನಾಟಕದ ಆದೇಶದ ಹಿರಿಮೆ. ಅಮೆರಿಕ ದೇಶ ಅದೇ ಏಪ್ರಿಲಿನಲ್ಲಿ ತನ್ನ ರೈತರಿಗೆ 1,600 ಕೋಟಿ ಡಾಲರುಗಳ ನೇರ ನೆರವು ಘೋಷಿಸಿ, ಜನವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಯಾವ ಸರಕಿನ ಬೆಲೆ ಶೇಕಡಾ 5 ಅಥವಾ ಹೆಚ್ಚು ಕುಸಿಯಿತು ಎಂಬುದನ್ನು ಆಧಾರವಾಗಿಟ್ಟುಕೊಂಡಿತು. ನಮ್ಮಲ್ಲಿ ಬೆಲೆಯ ಲೆಕ್ಕ ಬರಲಿಲ್ಲ, ನೆಲದ ಲೆಕ್ಕವೇ ಉಳಿಯಿತು.

ನೆಲದ ಲೆಕ್ಕ ಉಳಿದಾಗ ಏನಾಗುತ್ತದೆಂಬುದಕ್ಕೆ ಪುಣೆಯೇ ಹಳೆಯ ಪಾಠವನ್ನು ಇಟ್ಟುಕೊಂಡಿದೆ. ಪುಣೆಯ ಕೃಷಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಹೆರಾಲ್ಡ್ ಮ್ಯಾನ್ 1917ರಲ್ಲಿ ಒಂದೇ ಹಳ್ಳಿಯ ಭೂಮಿ, ಬೆಳೆ, ಸಾಲಗಳ ಅಧ್ಯಯನವನ್ನು ಪ್ರಕಟಿಸಿದರು. ಆ ಹಳ್ಳಿ ಪಿಂಪಳೆ ಸೌದಾಗರ. ಇಂದು ಬಹುಮಹಡಿ ಕಟ್ಟಡಗಳಿಂದ ತುಂಬಿ, ಸಾಫ್ಟ್‌ವೇರ್ ಕೆಲಸದ ಎಷ್ಟೋ ಕನ್ನಡ ಕುಟುಂಬಗಳು ನೆಲೆಸಿರುವ ಬಡಾವಣೆ ಅದೇ. 1771ರಲ್ಲಿ ಅಲ್ಲಿ ಸರಾಸರಿ ಹಿಡುವಳಿ 40 ಎಕರೆ ಇತ್ತು; 1915ರ ಹೊತ್ತಿಗೆ 7 ಎಕರೆಗೆ ಇಳಿದಿತ್ತು. ಅದೂ ಹರಿದು ಹಂಚಿದ ತುಂಡುಗಳಲ್ಲಿ. ಇಳಿಕೆ ಅಲ್ಲಿಗೆ ನಿಲ್ಲಲಿಲ್ಲ, ಒಂದೇ ಹಳ್ಳಿಯಲ್ಲಿಯೂ ನಡೆದದ್ದಲ್ಲ. ಇಪ್ಪತ್ತು ಗುಂಟೆಯಲ್ಲಿ, ಅಂದರೆ ಅರ್ಧ ಎಕರೆಯಲ್ಲಿ, ಕನಕಾಂಬರ ಬೆಳೆದವನಿಗೆ ಹೆಕ್ಟೇರಿಗೆ 25,000ದ ಲೆಕ್ಕದಲ್ಲಿ ಸಿಗುವುದು ಸುಮಾರು 5,000 ರೂಪಾಯಿ. ಹೆಕ್ಟೇರೆಂಬ ಅಳತೆ ದೊಡ್ಡ ಸಂಖ್ಯೆಯೊಂದನ್ನು ಪತ್ರಿಕೆಗೆ ಕೊಡುತ್ತದೆ. ಗುಂಟೆಯವನ ಕೈಗೆ ಅದರ ಚೂರು ಬರುತ್ತದೆ.

ಚೂರಾದರೂ ಬಂದದ್ದು ಯಾರಿಗೆ? ಫಲಾನುಭವಿಗಳನ್ನು ಗುರುತಿಸಲು ಕರ್ನಾಟಕ ಹಿಂದಿನ ಸಾಲಿನ ಬೆಳೆ ಸಮೀಕ್ಷೆಯ ದತ್ತಾಂಶವನ್ನು ಆಧಾರವಾಗಿಟ್ಟುಕೊಂಡಿತು. ಹಣ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಹೋಯಿತು. ದಲ್ಲಾಳಿಯ ಕೈ ತಪ್ಪಿದ್ದು ಸಣ್ಣ ಲಾಭವಲ್ಲ. ಸುಪೆಯ ರೈತ ಸುಟ್ಟ ಪತ್ರವನ್ನು ನೆನೆದರೆ, ಸಾಹುಕಾರನ ದಫ್ತರಿನ ಮೂಲಕ ಹಾದುಹೋಗದೆ ರೈತನ ಹೆಸರಿಗೇ ಹಣ ಬರುವುದು ದೊಡ್ಡ ಬದಲಾವಣೆಯೇ ಸರಿ. ಆದರೆ ಸಮೀಕ್ಷೆಯೂ ಸರ್ವೆ ನಂಬರಿನ ಮೇಲೆಯೇ ನಿಂತದ್ದು. ಪಿಎಂ ಕಿಸಾನ್ ಯೋಜನೆಗಂತೂ 2019ರ ಫೆಬ್ರುವರಿ 1ರಂದು ಭೂದಾಖಲೆಯಲ್ಲಿ ಹೆಸರಿರಬೇಕು. ಲಾವಣಿಗೆ, ಪಾಲಿಗೆ, ಕೋರಿಗೆ ಹೊಲ ಮಾಡುವವರ ಹೆಸರು ಅಲ್ಲಿರುವುದಿಲ್ಲ. ಇಲ್ಲದಿರುವುದಕ್ಕೆ ಕಾರಣವೂ ಇತಿಹಾಸದಲ್ಲಿದೆ. ಮುಂಬಯಿ ರಾಜ್ಯದ 1948ರ ಗೇಣಿ ಕಾನೂನಿನಂತೆ 1957ರ ಏಪ್ರಿಲ್ 1ರಂದು ಉಳುವವನು ಒಡೆಯನಾದ. ಕರ್ನಾಟಕದಲ್ಲಿ 1974ರ ತಿದ್ದುಪಡಿ ಸೈನಿಕರು, ನಾವಿಕರ ಹೊರತು ಇನ್ನಾರೂ ಜಮೀನನ್ನು ಗೇಣಿಗೆ ಕೊಡಬಾರದೆಂದಿತು. ಲಕ್ಷಾಂತರ ಗೇಣಿದಾರರಿಗೆ ನೆಲ ಕೊಟ್ಟ ಆ ಕಾನೂನುಗಳ ಉಪಕಾರವನ್ನು ಕಡೆಗಣಿಸುವಂತಿಲ್ಲ. ಆದರೆ ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಇನ್ನೊಬ್ಬನ ಹೆಸರು ಕಾಗದಕ್ಕೆ ಬಂದರೆ ಹೊಲವೇ ಹೋದೀತೆಂದು ಒಡೆಯ ಅಂಜಿದ. ಹೆಸರು ಕೇಳಿದರೆ ಹೊಲ ಬಿಡಿಸಿಯಾರೆಂದು ಉಳುವವನು ಅಂಜಿದ.

ನಮ್ಮಂಥ ಪರಊರಿನವರಿಗೆ ಈ ಸಂಗತಿ ದೂರದ್ದಲ್ಲ. ಪುಣೆಯಲ್ಲಿ ನೌಕರಿ, ವ್ಯಾಪಾರ ಮಾಡಿಕೊಂಡಿರುವ ಎಷ್ಟೋ ಕನ್ನಡಿಗರ ಹೆಸರು ಊರಿನ ಪಹಣಿಯಲ್ಲಿದೆ. ಹೊಲ ಮಾಡುವವರು ಬೇರೆ. ಪಿಎಂ ಕಿಸಾನ್ ನಿಯಮದಂತೆ ಆದಾಯ ತೆರಿಗೆ ಕಟ್ಟುವವರಿಗೆ ಈ ಹಣವಿಲ್ಲ. ಅದು ನ್ಯಾಯವೇ. ಆದರೆ ಒಡೆಯ ತೆರಿಗೆದಾರನೆಂದು ಹೊರಗುಳಿದಾಗ ಅದೇ ಹೊಲವನ್ನು ಉತ್ತವನು ದಾಖಲೆಯಲ್ಲಿಲ್ಲವೆಂದು ಹೊರಗುಳಿಯುತ್ತಾನೆ. ಹೀಗೆ ಆ ಹೊಲವೇ ಪರಿಹಾರದ ಲೆಕ್ಕದಿಂದ ಬಿದ್ದುಹೋಗುತ್ತದೆ, ಬಿತ್ತಿ ಬೆಳೆದು ನಷ್ಟ ಅನುಭವಿಸಿದ ಮನೆಯೊಂದು ಅಲ್ಲಿದ್ದರೂ. ಒಡಿಶಾ ಸರ್ಕಾರ ತನ್ನ ಕಾಲಿಯಾ ಯೋಜನೆಯಲ್ಲಿ ಪಾಲುಗಾರರನ್ನೂ ಭೂಹೀನ ಕೃಷಿಕಾರ್ಮಿಕರನ್ನೂ ಸೇರಿಸಿಕೊಂಡದ್ದರಿಂದ, ಇದು ಆಗದ ಕೆಲಸವೆಂದು ಹೇಳುವಂತೆಯೂ ಇಲ್ಲ.

ಇನ್ನೊಂದು ಗೆರೆಯೂ ಇದೆ, ಅದು 1956ರ ನವೆಂಬರ್ 1ರಂದು ಬಿದ್ದದ್ದು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲ್ಲೂಕುಗಳ ಎಷ್ಟೋ ಹಳ್ಳಿಗಳಲ್ಲಿ ಹೊಲದ ಮಾತು ಕನ್ನಡ, ಹೊಲದ ಕಾಗದ ಮರಾಠಿ. ಗಡಿಯಾಚೆ ಇಂಡಿ, ಅಥಣಿ ಸೀಮೆಯಲ್ಲಿ ಅವರ ಬೀಗರು, ಬಳಗದವರು. 2020ರ ಬೇಸಿಗೆಯಲ್ಲಿ ಎರಡೂ ಕಡೆಯ ದ್ರಾಕ್ಷಿಗೆ ಕೊಳ್ಳುವವರಿರಲಿಲ್ಲ. ಎರಡೂ ಕಡೆ ಮಾರಲಾಗದ ಹಣ್ಣನ್ನು ಒಣಗಿಸಿ ಮಣೂಕ ಮಾಡಿದರು. ಕರ್ನಾಟಕದ ಆದೇಶ ಸಹಜವಾಗಿಯೇ ಕರ್ನಾಟಕದ ಸರ್ವೆ ನಂಬರುಗಳಿಗೆ ಮಾತ್ರ ಸಲ್ಲುವಂಥದು. ಮಹಾರಾಷ್ಟ್ರ ಅದೇ ಹೊತ್ತಿಗೆ ಮಹಾತ್ಮ ಜೋತಿರಾವ್ ಫುಲೆಯವರ ಹೆಸರಿನ ಸಾಲಮುಕ್ತಿ ಯೋಜನೆಯನ್ನು ನಡೆಸುತ್ತಿತ್ತು. 2 ಲಕ್ಷ ರೂಪಾಯಿವರೆಗಿನ ಬೆಳೆಸಾಲದ ಬಾಕಿ ಅದರಲ್ಲಿ ತೀರುತ್ತಿತ್ತು. ಒಂದು ರಾಜ್ಯ ಬೆಳೆಗೆ ಕೊಟ್ಟಿತು, ಇನ್ನೊಂದು ಸಾಲಕ್ಕೆ ಕೊಟ್ಟಿತು. ಸುಪೆಯ ದಂಗೆಯ ನಾಡಿನಲ್ಲಿ ಪರಿಹಾರವೆಂದರೆ ಇಂದಿಗೂ ಮೊದಲು ನೆನಪಾಗುವುದು ಸಾಲವೇ ಇರಬೇಕು. ಆದರೆ ಬ್ಯಾಂಕಿನಲ್ಲಿ ಬೆಳೆಸಾಲ ಹುಟ್ಟಬೇಕಾದರೂ ಸಾತ್‌ಬಾರಾದಲ್ಲಿ ಹೆಸರು ಬೇಕು. ಗೇಣಿಗೆ ಮಾಡುವವನ ಸಾಲ ಕೈಗಡವಾಗಿಯೋ ಅಡತಿ ಅಂಗಡಿಯ ಉದ್ರಿಯಾಗಿಯೋ ಇರುತ್ತದೆ. ಫುಲೆಯವರ ಹೆಸರಿನ ಯೋಜನೆ ಅದನ್ನು ಮುಕ್ತಗೊಳಿಸುತ್ತಿರಲಿಲ್ಲ.

ಈ ದೀರ್ಘ ಇತಿಹಾಸದಲ್ಲಿ ಸರ್ಕಾರ ಕೊಟ್ಟದ್ದು ಹೆಚ್ಚುತ್ತ ಬಂದಿದೆ, ಕೊಡುವ ಬಗೆ ಸುಧಾರಿಸುತ್ತ ಬಂದಿದೆ. ಪೌಂಡು ಧಾನ್ಯದ ಕೂಲಿಯ ಕಾಲವನ್ನೂ ಮೊಬೈಲಿಗೆ ಸಂದೇಶ ಬರುವ ಕಾಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಕಾಮಗಾರಿಗೆ ಬಂದವರೆಲ್ಲರನ್ನೂ ಕಾಣುತ್ತಿದ್ದ ಕಣ್ಣು, ಹಣ ಹಂಚುವಾಗ ಕಂದಾಯದ ಪುಸ್ತಕವನ್ನಷ್ಟೇ ನೋಡುವ ಕಣ್ಣಾಗಿದೆ. ಇದನ್ನು ಸರಿಪಡಿಸಲು ಹೊಸ ಪುಸ್ತಕವೇ ಬೇಕೆಂದಿಲ್ಲ. ಕರ್ನಾಟಕದ ಪಹಣಿಯ 12ನೆಯ ಕಲಮಿನಲ್ಲಿ ಸಾಗುವಳಿದಾರನ ಹೆಸರಿಗೆಂದೇ ಜಾಗವಿದೆ, ಸಾಗುವಳಿಯ ರೀತಿಗೂ ಇದೆ. ಬಹುತೇಕ ಪಹಣಿಗಳಲ್ಲಿ ಅಲ್ಲಿಯೂ ಒಡೆಯನ ಹೆಸರೇ ಇರುತ್ತದೆ. ಗೇಣಿಯ ಹಕ್ಕು ಹುಟ್ಟದಂತೆ, ಒಂದು ಹಂಗಾಮಿನ ಬೆಳೆಯ ಮಟ್ಟಿಗೆ, ಪರಿಹಾರದ ಉದ್ದೇಶಕ್ಕಷ್ಟೇ ಎಂದು ಕಾನೂನು ಸ್ಪಷ್ಟಪಡಿಸಿದರೆ ಒಡೆಯನ ಅಂಜಿಕೆಗೂ ಉಳುವವನ ಅಂಜಿಕೆಗೂ ಕಾರಣ ಉಳಿಯುವುದಿಲ್ಲ. ಊರಿನಲ್ಲಿ ಜಮೀನಿದ್ದು ಪುಣೆಯಲ್ಲಿ ಬಾಳುವ ನಾವು ಮುಂದಿನ ಸಲ ಪಹಣಿ ತೆಗೆಸಿದಾಗ ಒಂಬತ್ತನೆಯ ಕಲಮಿನಲ್ಲಿ ನಮ್ಮ ಹೆಸರು ಸರಿಯಾಗಿದೆಯೇ ಎಂದಷ್ಟೇ ನೋಡಿ ಮಡಿಸಿಡದೆ, ಹನ್ನೆರಡನೆಯದರಲ್ಲಿ ಯಾರ ಹೆಸರಿದೆ, ಯಾರದಿರಬೇಕಿತ್ತು ಎಂದು ಓದುವುದು ಒಳ್ಳೆಯದು.